ಸಹಕಾರ ಸಂಘದ ಜಾಲತಾಣ: ಸ್ಕ್ರೀನ್ ರೀಡರ್ ಕನ್ನಡ ಓದವಲ್ದು, ಎಲ್ಲಿಂದ ಹಿಡಕೊಂಡು ಸರಿ ಮಾಡೋದು?

ಸಿಂಧನೂರು_ಭತ್ತ
ನಮಸ್ಕಾರ್ರೀ ಎಲ್ಲಾರಿಗೂ. ಸಿಂಧನೂರು ಕಡೆ ಒಂದು ಕೃಷಿ ಪತ್ತಿನ ಸಹಕಾರ ಸಂಘದ ಜಾಲತಾಣ ಹೊಸದಾಗಿ ಕಟ್ಟೋದದ. ಈಗಿರೋದ್ರಾಗ ಏನೇನದ ಅಂದ್ರ: ಮೇಲೆ ಓಡೋ ಸಾಲು, ಅದರ ಕೆಳಗ ನೋಟಿಸಿನ ಪಿಡಿಎಫ್ ಪಟ್ಟಿ (ಅರ್ಧ ಸ್ಕ್ಯಾನ್ ಮಾಡಿದ್ದು, ಅರ್ಧ ನುಡಿ ತಂತ್ರಾಂಶದಾಗ ಟೈಪ್ ಮಾಡಿದ್ದು), ಭತ್ತ-ಜೋಳದ ದರಪಟ್ಟಿ, ಸಾಲದ ಅರ್ಜಿ ಫಾರಂ, ನಾಲ್ಕೈದು ವಿಡಿಯೋ. ಸದಸ್ಯರಾಗ ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಾಕ ಕೈ ಬಾರದವರು ಇದ್ದಾರ. ಎನ್‌ವಿಡಿಎ (ಪರದೆ ಮೇಲಿನದನ್ನ ದನಿಯಾಗ ಓದಿ ಹೇಳೋ ಸ್ಕ್ರೀನ್ ರೀಡರ್) ಹಾಕಿ ತೆಗೆದ್ರ ಕೆಲವು ಪುಟದಾಗ ಇಂಗ್ಲಿಷ್ ಅಕ್ಷರ ಬಡಬಡಿಸ್ತದ, ಕೆಲವು ಕಡೆ ಉಸಿರೇ ಇಲ್ಲ. ಏಜೆನ್ಸಿಯವರನ್ನ ಕೇಳಿದ್ರ "ಅಕ್ಷರ ದೊಡ್ಡದು-ಸಣ್ಣದು ಮಾಡೋ ಬಟನ್ ಕೊಟ್ಟೀವಲ್ರಿ" ಅಂತಾರ. ಮೊದಲು ಯಾವುದಕ್ಕ ಕೈ ಹಾಕ್ಬೇಕು?

ಮುದ್ರಣಶಾಲೆ_ರಾಯಚೂರು
ಬಡಬಡಿಸೋದು ಒಂದು ರೋಗ, ಸುಮ್ಮನಿರೋದು ಇನ್ನೊಂದು ರೋಗ. ಎರಡಕ್ಕೂ ಒಂದೇ ಗುಳಿಗಿ ಇಲ್ಲ.

ಬಡಬಡಿಸೋದಕ್ಕ ಕಾರಣ ಹಳೇ ನುಡಿ ಫಾಂಟ್. ನುಡಿ 01 ಇ ಥರದ ಫಾಂಟಿನಾಗ "ಕನ್ನಡ" ಅಂತ ಟೈಪ್ ಮಾಡಿದ್ರ ಪರದೆ ಮ್ಯಾಲ ಕನ್ನಡ ಕಾಣ್ತದ, ಕಡತದ ಒಳಗ ಕನ್ನಡದ ಒಂದು ಅಕ್ಷರನೂ ಇರಂಗಿಲ್ಲ. ಒಳಗಿರೋದು ಏಳು ಗುರುತು: ದೊಡ್ಡ ಪಿ, ತಲೆ ಮ್ಯಾಲ ಗೀಟು ಹಾಕಿದ ಎ, ಪೌಂಡ್ ಹಣದ ಚಿಹ್ನೆ, ಮತ್ತ ಅದೇ ಗೀಟಿನ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತ ಗೀಟಿನ ಎ. ಫಾಂಟು ಅದಕ್ಕ ಕನ್ನಡದ ಮುಖವಾಡ ಹಾಕ್ತದ. ಕಣ್ಣಿಗೆ ಮುಖವಾಡ ಕಾಣ್ತದ, ಸ್ಕ್ರೀನ್ ರೀಡರಿಗೆ ಒಳಗಿನದು ಕಾಣ್ತದ. ಅದು ಓದಿದ್ದು ತಪ್ಪಲ್ಲ, ನಾವು ಬರೆದದ್ದೇ ಹಂಗ.

ಮದ್ದು ಒಂದೇ, ಯೂನಿಕೋಡ್: ಅದರಾಗ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಅದ. ನುಡಿ ತಂತ್ರಾಂಶದಾಗೇ ಆಸ್ಕಿಯಿಂದ, ಅಂದ್ರ ಈ ಹಳೇ ಫಾಂಟಿನ ಪಠ್ಯದಿಂದ, ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕ ಅದ. ಆದ್ರ ಕಣ್ಣು ಮುಚ್ಚಿ ಬಟನ್ ಒತ್ತಬ್ಯಾಡ್ರಿ. ಮ್ಯಾಟರ್ ನಡುವ "ಆರ್‌ಟಿಸಿ", "ಕೆವೈಸಿ" ಅಂತ ಇಂಗ್ಲಿಷ್ ಲಿಪಿಯೊಳಗ ಬರೆದಿದ್ರ ಪರಿವರ್ತಕ ಅದನ್ನೂ ನುಡಿ ಅಂತ ತಿಳಕೊಂಡು ಕನ್ನಡದ ಕಲಬೆರಕೆ ಮಾಡಿಬಿಡ್ತದ, ಯಾಕಂದ್ರ ಅದರ ಕಣ್ಣಿಗೆ ಎರಡೂ ಒಂದೇ ಜಾತಿ ಗುರುತು. ಬರೇ ಪಠ್ಯ ಅಂಟಿಸಿ ಬದಲಾಯಿಸಿದ್ರ ಈ ಕಾಟ ತಪ್ಪಂಗಿಲ್ಲ. ವರ್ಡ್ ಕಡತದಾಗ ಇಂಗ್ಲಿಷ್ ತುಣುಕಿಗೆ ಬೇರೆ ಫಾಂಟ್ ಇರ್ತದಲ್ಲ, ಹುಡುಕು-ಬದಲಿಸು ಒಳಗ ಫಾಂಟ್ ಹೆಸರು ಕೊಟ್ಟು ನುಡಿ ಫಾಂಟಿನ ಭಾಗ ಮಾತ್ರ ಆರಿಸಿಕೊಂಡು ಬದಲಾಯಿಸ್ರಿ. ಆದಮ್ಯಾಲ ಮೂರು ಜಾಗ ಕಣ್ಣಿಟ್ಟು ನೋಡ್ರಿ: ಅರ್ಕಾವತ್ತು, ಅಂಕಿ, ಕಂಸ.

ಇನ್ನ ಸುಮ್ಮನಿರೋ ಪುಟ. ಒಂದೋ ಅದು ಸ್ಕ್ಯಾನ್ ಮಾಡಿದ ಫೋಟೋ, ಇಲ್ಲಾ ಎನ್‌ವಿಡಿಎ ಧ್ವನಿಗೆ ಕನ್ನಡ ಬರಂಗಿಲ್ಲ. ಎರಡನೇದನ್ನ ಗವಿಮಠದವರು ಹೇಳ್ತಾರ.

ಗವಿಮಠದ_ಮೆಟ್ಟಿಲು
ಹೇಳ್ತೀನ್ರಿ. ಎನ್‌ವಿಡಿಎ ಜೋಡಿ ಬರೋ ಇಸ್ಪೀಕ್ ಎನ್‌ಜಿ ಧ್ವನಿಯೊಳಗ ಕನ್ನಡ ಐತಿ, ಪುಕ್ಕಟೆ. ದನಿ ಯಂತ್ರದಂಗ ಒಣಾ ಒಣಾ ಕೇಳತೈತಿ, ಆದ್ರ ಜೋರು ಓಡಿಸಿದ್ರೂ ಒಡೆಯೂದಿಲ್ಲ. ಇನ್ಸರ್ಟ್, ಕಂಟ್ರೋಲ್, ಎಸ್ ಮೂರೂ ಒಟ್ಟಿಗೆ ಒತ್ತಿದ್ರ ಯಾವ ಸಿಂಥಸೈಸರ್ ಅಂತ ಆರಿಸಬಹುದು. ಇನ್ಸರ್ಟ್, ಕಂಟ್ರೋಲ್, ವಿ ಒತ್ತಿದ್ರ ಮಾತಿನ ಸೆಟ್ಟಿಂಗ್ಸ್ ಬರ್ತಾವು. ಅಲ್ಲಿ ಭಾಷೆ ತಾನಾಗೇ ಬದಲಾಗೋ ಚೌಕದೊಳಗ ಟಿಕ್ ಇರ್ಲಿ.

ಆ ಟಿಕ್ ಕೆಲಸ ಮಾಡಬೇಕಂದ್ರ ಪುಟ ತನ್ನ ಭಾಷೆ ಯಾವುದಂತ ಹೇಳಬೇಕು. ಎಚ್‌ಟಿಎಂಎಲ್ ಮೊದಲನೇ ಟ್ಯಾಗಿನ್ಯಾಗ ಲ್ಯಾಂಗ್ ಅನ್ನೋ ಗುಣಕ್ಕ "ಕೆ ಎನ್" ಬೆಲೆ. (ಇಲ್ಲಿ ಕೋಡ್ ಹಾಕಿದ್ರ ವೇದಿಕೆ ನುಂಗಿಬಿಡತೈತಿ, ಅದಕ್ಕ ಬಾಯಿಮಾತಿನ್ಯಾಗ ಹೇಳಾಕತ್ತೀನಿ.) ಖರೀದಿ ಮಾಡಿದ ಟೆಂಪ್ಲೇಟಿನ್ಯಾಗ "ಇ ಎನ್" ಅಂತ ಇರತೈತಿ, ಯಾರೂ ಮುಟ್ಟೂದಿಲ್ಲ. ಅದಕ್ಕಿಂತ ಮಜಾ ಅಂದ್ರ ಕೆಲವರು ಕರ್ನಾಟಕ ಅಂತ ತಿಳಕೊಂಡು "ಕೆ ಎ" ಹಾಕ್ತಾರ. ಗಾಡಿ ನಂಬರಿಗೆ ಅದು ಸರಿ: ಕೆಎ 34 ಬಳ್ಳಾರಿ, 36 ರಾಯಚೂರು, 37 ಕೊಪ್ಪಳ. ಭಾಷೆ ಪಟ್ಟಿಯೊಳಗ "ಕೆ ಎ" ಅಂದ್ರ ಜಾರ್ಜಿಯಾ ದೇಶದ ಭಾಷೆ! ನಿಮ್ಮ ಭತ್ತದ ದರ ಓದಾಕ ಸ್ಕ್ರೀನ್ ರೀಡರು ಜಾರ್ಜಿಯನ್ ಧ್ವನಿ ಹುಡುಕತೈತಿ.

ಡಬ್ಲ್ಯುಸಿಎಜಿಯೊಳಗ (ಜಾಲತಾಣ ಎಲ್ಲಾರಿಗೂ ಬಳಸಾಕ ಬರೋಹಂಗ ಹೆಂಗಿರಬೇಕಂತ ಹೇಳೋ ಜಾಗತಿಕ ನಿಯಮಾವಳಿ) ಪುಟದ ಭಾಷೆ ಹೇಳೋದು 3.1.1, ಅಂದ್ರ ತಳಮಟ್ಟದ 'ಎ' ದರ್ಜೆ ನಿಯಮ. ಪುಟದ ನಡುವ ಬೇರೆ ಭಾಷೆ ತುಣುಕು ಬಂದ್ರ ಅದಕ್ಕೂ ಗುರುತು ಹಾಕೋದು 3.1.2, 'ಎಎ' ದರ್ಜೆ.

ಹಗರಿ_ದಂಡೆ
ಈ 3.1.2 ನಮ್ಮ ಮೂರೂ ಜಿಲ್ಲೆಗೆ ಚೆನ್ನಾಗಿ ಅನ್ವಯಿಸುತ್ತೆ. ಸಿಂಧನೂರು, ಗಂಗಾವತಿ ಕಡೆ ಕ್ಯಾಂಪುಗಳಲ್ಲಿ ತೆಲುಗು, ಊರೊಳಗೆ ಉರ್ದು. ನೋಟಿಸನ್ನು ಮೂರು ಭಾಷೆಯಲ್ಲಿ ಹಾಕೋದಾದರೆ ತೆಲುಗು ಭಾಗಕ್ಕೆ "ಟಿ ಇ", ಉರ್ದು ಭಾಗಕ್ಕೆ "ಯು ಆರ್" ಗುರುತು ಬೇಕೇ ಬೇಕು. ಉರ್ದುಗೆ ಜೊತೆಯಲ್ಲಿ ಬಲದಿಂದ ಎಡಕ್ಕೆ ಅನ್ನೋ ದಿಕ್ಕಿನ ಗುಣವನ್ನೂ ಕೊಡಿ, ಇಲ್ಲದಿದ್ದರೆ ಪೂರ್ಣವಿರಾಮ, ಅಂಕಿ, ಕಂಸ ಎಲ್ಲ ತಪ್ಪು ಕಡೆ ಹೋಗಿ ಕೂರುತ್ತವೆ. ತೆಲುಗು ಲಿಪಿ ನಮ್ಮದರ ತಂಗಿಯಂತೆ ಕಂಡರೂ ಯೂನಿಕೋಡಿನಲ್ಲಿ ಬೇರೆ ಮನೆ.

ಸಿಂಧನೂರು_ಭತ್ತ
ಇದು ತಿಳೀತು. ಪಿಡಿಎಫ್ ಬಗ್ಗೆ ಒಂದು ಡೌಟ್. ಯೂನಿಕೋಡಿನಾಗೇ ಟೈಪ್ ಮಾಡಿದ ಒಂದು ನೋಟಿಸ್ ಅದ. ಪಿಡಿಎಫಿನಾಗ ಕಂಟ್ರೋಲ್ ಎಫ್ ಒತ್ತಿ "ಕರ್ನಾಟಕ" ಅಂತ ಹುಡುಕಿದ್ರ ಸಿಗವಲ್ದು. ಎದುರಿಗೇ ಕಾಣ್ತದ, ಸಿಗವಲ್ದು.

ಮುದ್ರಣಶಾಲೆ_ರಾಯಚೂರು
ಆ ಪದ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡ್ರಿ. "ಕನಾರ್ಟಕ" ಅಂತ ಬರ್ತದ.

ಕಾರಣ ಅರ್ಕಾವತ್ತು. ಬರೆಯೋವಾಗ ರ್ ಮೊದಲು, ನಾ ಆಮ್ಯಾಲ. ಪರದೆ ಮ್ಯಾಲ ಚಿತ್ರ ಬರೋವಾಗ ನಾ ಮೊದಲು, ಅರ್ಕಾವತ್ತು ಅದರ ಬಲಕ್ಕ. ಪಿಡಿಎಫ್ ಇಟ್ಟುಕೊಳ್ಳೋದು ಚಿತ್ರ ಕೂತ ಕ್ರಮ. ವಾಪಸ್ ಪಠ್ಯ ತೆಗೆಯೋವಾಗ ಅದೇ ಕ್ರಮದಾಗ ಅಕ್ಷರ ಜೋಡಿಸ್ತದ, ಅದಕ್ಕ ರ್ ಹಿಂದಕ್ಕ ಹೋಗ್ತದ. ಅಂತರ್ಜಾಲದಾಗ "ಕನಾರ್ಟಕ" ಅಂತ ಹುಡುಕಿ ನೋಡ್ರಿ, ಎಷ್ಟು ಕಡೆ ಈ ಕೂಸು ಹುಟ್ಟ್ಯದ ಅಂತ ಗೊತ್ತಾಗ್ತದ. ಸ್ಕ್ರೀನ್ ರೀಡರ್ ಓದೋದೂ ಅದನ್ನೇ.

ಮಾಡೋದು ಏನು? ವರ್ಡಿನಾಗ ಪ್ರಿಂಟಿಗೆ ಹೋಗಿ ಪಿಡಿಎಫ್ ಮಾಡಬ್ಯಾಡ್ರಿ, ಹಂಗ ಮಾಡಿದ್ರ ಶೀರ್ಷಿಕೆ, ಪಟ್ಟಿ, ಕೋಷ್ಟಕದ ಗುರುತೆಲ್ಲ ಉದುರಿ ಬರೇ ಮಸಿ ಉಳೀತದ. ಸೇವ್ ಆ್ಯಸ್ ಒಳಗ ಪಿಡಿಎಫ್ ಆರಿಸಿ, ಆಪ್ಷನ್ಸ್ ತೆಗೆದು ದಾಖಲೆಯ ರಚನೆ ಟ್ಯಾಗುಗಳ ಚೌಕಕ್ಕ ಟಿಕ್ ಹಾಕ್ರಿ. ಲಿಬ್ರೆ ಆಫೀಸಿನಾಗ ಎಕ್ಸ್‌ಪೋರ್ಟ್ ಪಿಡಿಎಫ್ ಒಳಗ ಟ್ಯಾಗ್ಡ್ ಪಿಡಿಎಫ್, ಪಿಡಿಎಫ್/ಯುಎ ಅಂತ ಚೌಕ ಅದಾವ. ಅದಕ್ಕೂ ಮೊದಲು ದಾಖಲೆಯಾಗ ತಲೆಬರಹಕ್ಕ ಹೆಡಿಂಗ್ ಸ್ಟೈಲ್ ಹಚ್ಚಿರಬೇಕು. ಬರೇ ದಪ್ಪ ಮಾಡಿ ನಡುವ ಕೂಡಿಸಿದ್ರ ಅದು ತಲೆಬರಹ ಆಗಂಗಿಲ್ಲ.

ಇಷ್ಟೆಲ್ಲಾ ಮಾಡಿದ್ರೂ ಅರ್ಕಾವತ್ತಿನ ಕಾಟ ಪೂರ್ತಿ ಹೋಗ್ತದಂತ ನಾ ಮಾತು ಕೊಡಂಗಿಲ್ಲ. ಪ್ರತಿ ಪಿಡಿಎಫಿಗೂ ನೋಟ್‌ಪ್ಯಾಡ್ ಪರೀಕ್ಷೆ ಮಾಡ್ರಿ: "ಕರ್ನಾಟಕ", "ಅರ್ಜಿ", "ಕಾರ್ಯದರ್ಶಿ" ಮೂರು ಪದ ಕಾಪಿ ಮಾಡಿದ್ರ ಸಾಕು. ನನ್ನ ಕೇಳಿದ್ರ ನೋಟಿಸನ್ನ ಸೀದಾ ಪುಟದಾಗೇ ಪಠ್ಯವಾಗಿ ಹಾಕ್ರಿ, ಪಿಡಿಎಫ್ ಪ್ರಿಂಟ್ ತೊಗೊಳ್ಳೋರಿಗೆ ಮಾತ್ರ ಇರ್ಲಿ.

ಗವಿಮಠದ_ಮೆಟ್ಟಿಲು
ಆ ಪಟ್ಟಿಯೊಳಗ ಲಿಂಕಿನ ಹೆಸರೂ ನೋಡ್ರಿ. ಎನ್‌ವಿಡಿಎಯೊಳಗ ಇನ್ಸರ್ಟ್ ಜೋಡಿ ಎಫ್7 ಒತ್ತಿದ್ರ ಪುಟದ ಲಿಂಕೆಲ್ಲ ಪಟ್ಟಿಯಾಗಿ ಬರ್ತಾವು. ಮೂವತ್ತು ಸಲ "ಇಲ್ಲಿ ಕ್ಲಿಕ್ ಮಾಡಿ" ಅಂತ ಬಂದ್ರ ಯಾವುದು ಮಹಾಸಭೆದು, ಯಾವುದು ಬಡ್ಡಿ ರಿಯಾಯಿತಿದು? "ವಾರ್ಷಿಕ ಮಹಾಸಭೆ ನೋಟಿಸ್, ಪಿಡಿಎಫ್, 2 ಎಂಬಿ" ಅಂತ ಪೂರ್ತಿ ಬರೀರಿ.

ಹಳೇ ಸ್ಕ್ಯಾನುಗಳಿಗೆ ಒಸಿಆರ್ (ಚಿತ್ರದೊಳಗಿನ ಅಕ್ಷರ ಗುರುತಿಸಿ ಪಠ್ಯ ಮಾಡೋದು) ಮಾಡಾಕ ಬರತೈತಿ. 300 ಡಿಪಿಐಗೆ ಕಮ್ಮಿ ಇಲ್ಲದಂಗ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವಿಗೆ ಏರಿಸಿ, ಡಾಕ್ಸಿನ್ಯಾಗ ತೆರೀರಿ, ಪಠ್ಯ ಬರತೈತಿ. ಸ್ವಂತ ಕಂಪ್ಯೂಟರಿನ್ಯಾಗೇ ಮಾಡ್ತೀನಿ ಅಂದ್ರ ಟೆಸರಾಕ್ಟ್ ಅನ್ನೋ ಒಸಿಆರ್ ತಂತ್ರಾಂಶಕ್ಕ ಕನ್ನಡದ ಕಡತ ಐತಿ. ಎರಡೂ ಪ ವ, ಥ ಧ, ಘ ಫ ಇವುಗಳೊಳಗ ಎಡವ್ತಾವು. ಸಂಘದ ಮೊಹರು ಅಕ್ಷರದ ಮ್ಯಾಲ ಬಿದ್ದಿದ್ರಂತೂ ಕೇಳಬ್ಯಾಡ್ರಿ. ರೊಕ್ಕ, ದಿನಾಂಕ, ಸರ್ವೆ ನಂಬರ್ ಮಾತ್ರ ಮೂಲ ಎದುರಿಗಿಟ್ಟು ಒಂದೊಂದೇ ಓದಿ ಹೊಂದಿಸ್ರಿ.

ಕಿನ್ನಾಳ_ಬಣ್ಣ
ಬಣ್ಣದ ಮಾತು ನನಗ ಬಿಡ್ರಿ. ಸಂಘದ ಜಾಲತಾಣ ಅಂದಮ್ಯಾಲ ಹಳದಿ-ಕೆಂಪು ಬಂದೇ ಬರತೈತಿ. ಅಚ್ಚ ಕೆಂಪಿನ ಮ್ಯಾಲ ಅಚ್ಚ ಹಳದಿ ಅಕ್ಷರ ಹಾಕಿದ್ರ ಬೆಳಕಿನ ಅಂತರ 3.7ಕ್ಕೆ 1. ಸಾಮಾನ್ಯ ಅಕ್ಷರಕ್ಕ ಬೇಕಾದ್ದು 4.5ಕ್ಕೆ 1. ಅಚ್ಚ ಕೆಂಪಿನ ಮ್ಯಾಲ ಬಿಳೀನೂ 4ಕ್ಕ ನಿಲ್ಲತೈತಿ, ಅದೂ ಫೇಲ್. ಹಳದಿ ಬಿಡೂದು ಬ್ಯಾಡ, ಕೆಂಪನ್ನ ಕುಗ್ಗಸ್ರಿ: ಕೆಂಪು 176, ಹಸಿರು 0, ನೀಲಿ 0 ಇಟ್ರ ಹಳದಿ ಅಕ್ಷರಕ್ಕ 6.8 ದಾಟತೈತಿ, ಬಿಳಿಗೆ 7.3 ದಾಟತೈತಿ. ಕಣ್ಣಿಗೂ ಹಿತ, ಬಾವುಟದ ಗುರುತೂ ಉಳೀತು.

ಬೂದು ಅಕ್ಷರದ ಹುಚ್ಚು ಇನ್ನೊಂದು. ಬಿಳಿ ಮ್ಯಾಲ 153, 153, 153ರ ಬೂದು ಹಾಕಿದ್ರ ಅಂತರ 2.8 ಅಷ್ಟ. ಏಪ್ರಿಲ್ ಬಿಸಲಾಗ ರಾಯಚೂರು ಬಸ್ ಸ್ಟ್ಯಾಂಡಿನ್ಯಾಗ ನಿಂತು ಫೋನಿನ್ಯಾಗ ನೋಡಿದ್ರ ಕಣ್ಣು ಸರಿ ಇದ್ದವರಿಗೂ ಅದು ಖಾಲಿ ಪುಟ. ಬೂದು ಬೇಕಂದ್ರ 118, 118, 118, ಅದಕ್ಕಿಂತ ತಿಳಿ ಬ್ಯಾಡ, ಅಲ್ಲಿಗೆ 4.54 ಬರತೈತಿ. 24 ಪಿಕ್ಸೆಲ್ ದಾಟಿದ ದೊಡ್ಡ ಅಕ್ಷರಕ್ಕ, ಬಟನ್ನಿನ ಅಂಚಿಗೆ 3ಕ್ಕೆ 1 ಸಾಕು.

ಇನ್ನೊಂದು ಕನ್ನಡದವರಿಗೆ ಅಂತನ ಹೇಳೂದು. ಟೆಂಪ್ಲೇಟಿನ್ಯಾಗ ಸಾಲಿನ ಎತ್ತರ 1.2 ಇರತೈತಿ, ಅದು ಇಂಗ್ಲಿಷಿಗೆ ಹೊಲೆದ ಅಂಗಿ. ನಮ್ಮಲ್ಲಿ ಒತ್ತು ಕೆಳಗ ಇಳೀತಾವು, ಕೆಳಗಿನ ಸಾಲಿನ ತಲಕಟ್ಟು-ಗುಡಿಸು ಮ್ಯಾಲ ಏರ್ತಾವು, ಎರಡೂ ಬಡಿದಾಡ್ತಾವು. 1.6ರಿಂದ 1.8 ಇಡ್ರಿ. ಬಟನ್ನಿಗೆ ಪಿಕ್ಸೆಲ್‌ನ್ಯಾಗ ಎತ್ತರ ಬಿಗಿದು ಮಿಕ್ಕಿದ್ದು ಮುಚ್ಚು ಅಂತ ಬರೆದಿದ್ರ "ಉತ್ಪನ್ನ" ಹೋಗಿ "ಉತನ" ಕಾಣತೈತಿ. ಎತ್ತರ ಬಿಟ್ಟು ಒಳ ಅಂಚು ಕೊಡ್ರಿ. ಕನ್ನಡಕ್ಕ ಇಟಾಲಿಕ್ ಬ್ಯಾಡ, ಎರಡೂ ಅಂಚು ಸಮ ಮಾಡೋ ಜಸ್ಟಿಫೈನೂ ಬ್ಯಾಡ: ನಮ್ಮ ಪದ ಉದ್ದ, ನಡುವ ಹಳ್ಳ ಬೀಳ್ತಾವು.

ಕೋಟೆಕಲ್ಲು_ಬಳ್ಳಾರಿ
ಬ್ರೌಸರನ್ನು 400 ಪರ್ಸೆಂಟ್ ದೊಡ್ಡದು ಮಾಡಿ ನೋಡ್ರಿ. 1280 ಅಗಲದ ಪರದೆಯಲ್ಲಿ ಹಂಗೆ ಮಾಡಿದರೆ 320 ಪಿಕ್ಸೆಲ್ ಫೋನಿನ ಅಗಲ ಬಂದಂಗೆ. ಎಡಬಲ ಸರಿಸದೇ ಓದಾಕೆ ಬರಬೇಕು. ಕಣ್ಣು ಮಂಜಾದವರು ದಿನಾ ಮಾಡೋದು ಇದನ್ನೇ. ಏಜೆನ್ಸಿಯವರ ಎ ಪ್ಲಸ್ ಬಟನ್ ಇದರ ಮುಂದೆ ಏನೂ ಅಲ್ಲ: ಬ್ರೌಸರಿನಾಗೆ, ಫೋನಿನಾಗೆ ಮೊದಲೇ ಇರೋ ಸೌಲಭ್ಯಕ್ಕೆ ಒಂದು ಚಿಕ್ಕ ನಕಲು.

ಈಗ ಕೀಬೋರ್ಡ್. ಮೌಸ್ ತಂತಿ ಕಿತ್ತು ಬದಿಗಿಡಿ. ಟ್ಯಾಬ್ ಮುಂದಕ್ಕೆ, ಶಿಫ್ಟ್ ಟ್ಯಾಬ್ ಹಿಂದಕ್ಕೆ, ಲಿಂಕಿಗೆ ಎಂಟರ್, ಬಟನ್ನಿಗೆ ಎಂಟರ್ ಅಥವಾ ಸ್ಪೇಸ್, ಮುಚ್ಚಾಕೆ ಎಸ್ಕೇಪ್. ಇಷ್ಟರಲ್ಲೇ ಮುಖಪುಟದಿಂದ ಅರ್ಜಿ ಸಲ್ಲಿಸೋವರೆಗೂ ಹೋಗಾಕೆ ಬರಬೇಕು. ಸಾಮಾನ್ಯವಾಗಿ ಮೂರು ಕಡೆ ಸಿಕ್ಕಿ ಬೀಳ್ತೀರಿ.

ಒಂದು, ಈಗ ಎಲ್ಲಿದ್ದೀವಿ ಅಂತಲೇ ಕಾಣಲ್ಲ. ಸಿಎಸ್‌ಎಸ್‌ನಲ್ಲಿ ಯಾರೋ ಅಂದಕ್ಕೆ ಔಟ್‌ಲೈನ್ ನನ್ ಅಂತ ಬರೆದಿರ್ತಾರೆ. ಅದನ್ನ ತೆಗೆದು ಫೋಕಸ್ ವಿಸಿಬಲ್‌ಗೆ 3 ಪಿಕ್ಸೆಲ್ ದಪ್ಪ ಗೆರೆ ಕೊಡಿ. ಎರಡು, ಮೆನು ಮೌಸ್ ಇಟ್ಟರೆ ಮಾತ್ರ ಇಳಿಯುತ್ತೆ, ಕೀಬೋರ್ಡಿಗೆ ಬಗ್ಗಲ್ಲ. ಮೇಲಿನ ಹೆಸರನ್ನ ನಿಜವಾದ ಬಟನ್ ಮಾಡಿ, ತೆರೆದೈತೋ ಮುಚ್ಚೈತೋ ಅಂತ ಏರಿಯಾ ಎಕ್ಸ್‌ಪ್ಯಾಂಡೆಡ್ ಗುಣದಲ್ಲಿ ಹೇಳಿ (ಏರಿಯಾ ಅಂದರೆ ಸ್ಕ್ರೀನ್ ರೀಡರಿಗೆ ತಿಳಿಸಾಕೆ ಟ್ಯಾಗಿಗೆ ಹಚ್ಚೋ ಗುಣಗಳು). ಮೂರು, ಡಿವ್ ಟ್ಯಾಗಿಗೆ ಕ್ಲಿಕ್ ಕಟ್ಟಿ ಬಟನ್ ಅಂತ ಕರೆಯೋದು. ಅದು ಟ್ಯಾಬಿಗೆ ಸಿಗಲ್ಲ, ಎಂಟರಿಗೆ ಓಗೊಡಲ್ಲ, ಸ್ಕ್ರೀನ್ ರೀಡರಿಗೆ ಬಟನ್ ಅಂತ ಹೇಳಿಕೊಳ್ಳಲ್ಲ. ಆ ಮೂರನ್ನೂ ಜಾವಾಸ್ಕ್ರಿಪ್ಟಿನಲ್ಲಿ ಅಂಟಿಸ್ತಾ ಕೂರೋ ಬದಲು ಬಟನ್ ಟ್ಯಾಗ್ ಬಳಸಿದರೆ ಎಲ್ಲಾ ಪುಕ್ಕಟೆ ಬರುತ್ತೆ. ಏರಿಯಾ ಗೊತ್ತಿಲ್ಲದೆ ಹಾಕೋದಕ್ಕಿಂತ ಹಾಕದೇ ಇರೋದು ವಾಸಿ.

ಪುಟದ ಮೊದಲ ಟ್ಯಾಬಿಗೇ "ಮುಖ್ಯ ವಿಷಯಕ್ಕೆ ಹೋಗಿ" ಲಿಂಕ್ ಬರಲಿ. ಆಮೇಲೆ ಆ ಓಡೋ ಸಾಲು: 5 ಸೆಕೆಂಡಿಗಿಂತ ಹೆಚ್ಚು ತಾನಾಗೇ ಓಡೋದಕ್ಕೆ ನಿಲ್ಲಿಸೋ ಬಟನ್ ಕೊಡಲೇಬೇಕು, ನಿಯಮ 2.2.2. ಬಟನ್ ಕೊಡೋದಕ್ಕಿಂತ ಸಾಲನ್ನೇ ಕಿತ್ತು ಮೂರು ಸಾಲಿನ ಪಟ್ಟಿ ಮಾಡಿ. ನಿಧಾನಕ್ಕೆ ಓದೋರಿಗೆ ಸಾಲು ಓಡಿಹೋಗುತ್ತೆ, ಕೈ ನಡುಗೋರಿಗೆ ಓಡೋ ಲಿಂಕ್ ಸಿಗಲ್ಲ. ಮಿಣಮಿಣ "ಹೊಸತು" ಚಿತ್ರವೂ ಹೋಗಲಿ.

ಸಿಂಧನೂರು_ಭತ್ತ
ಓಡೋ ಸಾಲು ತೆಗೆದ್ರ ನಮ್ಮ ಅಧ್ಯಕ್ಷರು ಒಪ್ಪಂಗಿಲ್ಲ ಸರ್, ಅವರಿಗೆ ಅದೇ ಜಾಲತಾಣ! ನೋಡೋಣು, ಪಟ್ಟಿ ಮಾಡಿ ತೋರಿಸ್ತೀನಿ. ಫಾರಂ ಹೇಳ್ರಿ. ಹೆಸರು, ಮೊಬೈಲ್, ಸರ್ವೆ ನಂಬರ್, ಎಕರೆ-ಗುಂಟೆ, ಪಹಣಿ ಅಪ್‌ಲೋಡ್, ಕ್ಯಾಪ್ಚಾ, ಒಟಿಪಿ.

ಕೋಟೆಕಲ್ಲು_ಬಳ್ಳಾರಿ
ಪ್ರತಿ ಖಾನೆಗೂ ಲೇಬಲ್ ಟ್ಯಾಗ್, ಅದರ ಫಾರ್ ಗುಣ ಮತ್ತು ಖಾನೆಯ ಐಡಿ ಒಂದೇ ಇರಬೇಕು. ಖಾನೆಯೊಳಗೆ ಮಸುಕಾಗಿ ಬರೆಯೋ ಪ್ಲೇಸ್‌ಹೋಲ್ಡರ್ ಲೇಬಲ್ ಅಲ್ಲ. ಟೈಪ್ ಮಾಡಾಕೆ ಶುರು ಮಾಡಿದ ತಕ್ಷಣ ಮಾಯ ಆಗುತ್ತೆ, ನೆನಪು ಕಮ್ಮಿ ಇರೋರು ಏನು ಬರೀತಿದ್ದೆ ಅಂತ ಅಳಿಸಿ ನೋಡಬೇಕಾಗುತ್ತೆ.

ಸರ್ವೆ ನಂಬರಿಗೆ ನಂಬರ್ ಬಗೆಯ ಖಾನೆ ಹಾಕಬ್ಯಾಡ್ರಿ. 45/2ಎ ಅಂತ ಹಿಸ್ಸಾ ಬರೆಯಾಕೆ ಹೋದರೆ ಓರೆ ಗೀಟೂ ತಗೊಳ್ಳಲ್ಲ, ಅಕ್ಷರನೂ ತಗೊಳ್ಳಲ್ಲ, ಯಾಕೆ ಅಂತಲೂ ಹೇಳಲ್ಲ. ಸಾದಾ ಪಠ್ಯದ ಖಾನೆ ಇಡಿ. ಮೊಬೈಲಿಗೆ ಟೆಲ್ ಬಗೆ. ಕನ್ನಡ ಕೀಬೋರ್ಡಿನಲ್ಲಿ ೯೮ ಅಂತ ಬರೆದರೂ ತಪ್ಪು ಅನ್ನಬ್ಯಾಡ್ರಿ, ಸರ್ವರಿನಲ್ಲಿ 98 ಮಾಡಿಕೊಳ್ಳಿ. ಒಂದು ಸಾಲಿನ ಕೆಲಸ. ಎಕರೆ, ಗುಂಟೆ ಎರಡು ಬೇರೆ ಖಾನೆ ಆದರೆ ಎರಡನ್ನೂ ಫೀಲ್ಡ್‌ಸೆಟ್ ಒಳಗಿಟ್ಟು "ಜಮೀನಿನ ವಿಸ್ತೀರ್ಣ" ಅಂತ ಲೆಜೆಂಡ್ ಕೊಡಿ, ಇಲ್ಲದಿದ್ದರೆ ಬರೀ "ಗುಂಟೆ" ಅಂತ ಕೇಳಿಸಿ ಯಾವುದರ ಗುಂಟೆ ಅಂತ ಗೊತ್ತಾಗಲ್ಲ.

ತಪ್ಪು ತೋರಿಸೋದ್ರಲ್ಲಿ ಎಲ್ಲರೂ ಎಡವ್ತಾರೆ. ಖಾನೆ ಸುತ್ತ ಕೆಂಪು ಗೆರೆ ಹಾಕಿ ಬಿಟ್ಟರೆ ಕಣ್ಣು ಕಾಣದವರಿಗೆ ಸಲ್ಲಿಸು ಬಟನ್ ಸತ್ತಂಗೆ: ಒತ್ತಿದರೂ ಏನೂ ಆಗಲ್ಲ, ಯಾಕಂತಲೂ ಕೇಳಿಸಲ್ಲ. ಖಾನೆ ಕೆಳಗೆ "ಮೊಬೈಲ್ ಸಂಖ್ಯೆ 10 ಅಂಕಿ ಇರಬೇಕು, ಈಗ 9 ಇವೆ" ಅಂತ ಬರೆದು, ಆ ಸಾಲಿನ ಐಡಿಯನ್ನ ಖಾನೆಯ ಏರಿಯಾ ಡಿಸ್ಕ್ರೈಬ್ಡ್‌ಬೈ ಗುಣಕ್ಕೆ ಕಟ್ಟಿ, ಏರಿಯಾ ಇನ್‌ವ್ಯಾಲಿಡ್ ಟ್ರೂ ಮಾಡಿ, ಫೋಕಸನ್ನ ಮೊದಲ ತಪ್ಪಿನ ಖಾನೆಗೆ ಒಯ್ಯಿರಿ. ತುಂಬಿದ್ದನ್ನ ಅಳಿಸಬ್ಯಾಡ್ರಿ.

ಕ್ಯಾಪ್ಚಾ ಬೇಡವೇ ಬೇಡ. ಇಷ್ಟು ಸಣ್ಣ ಫಾರಮ್ಮಿಗೆ ಬಾಟ್ (ತಾನಾಗೇ ಫಾರಂ ತುಂಬೋ ಪ್ರೋಗ್ರಾಂ) ತಡೆಯಾಕೆ ಒಂದು ಅಡಗಿಸಿದ ಖಾನೆ ಸಾಕು, ಅದು ತುಂಬಿ ಬಂದರೆ ಬಾಟ್. ಆದರೆ ಅಡಗಿಸೋ ರೀತಿ ನೋಡ್ರಿ: ಪರದೆಯಾಚೆ ಎಡಕ್ಕೆ ತಳ್ಳಿದರೆ ಸ್ಕ್ರೀನ್ ರೀಡರ್ ಅದನ್ನೂ ಓದುತ್ತೆ, ಪಾಪ ಕುರುಡರು ನಿಯತ್ತಾಗಿ ತುಂಬ್ತಾರೆ, ನಿಮ್ಮ ಸರ್ವರ್ ಅವರನ್ನೇ ಬಾಟ್ ಅಂತ ಓಡಿಸುತ್ತೆ. ಡಿಸ್‌ಪ್ಲೇ ನನ್ ಹಾಕಿದರೆ ಆ ಆಪತ್ತಿಲ್ಲ. ಒಟಿಪಿಗೆ ಆರು ಡಬ್ಬಿ ಬೇಡ, ಒಂದೇ ಖಾನೆ. ಪೇಸ್ಟ್ ತಡೀಬ್ಯಾಡ್ರಿ. ಆಟೋಕಂಪ್ಲೀಟ್ ಗುಣಕ್ಕೆ ಒನ್ ಟೈಮ್ ಕೋಡ್ ಬೆಲೆ ಕೊಟ್ಟರೆ ಫೋನ್ ತಾನೇ ತುಂಬಾಕೆ ಕೇಳುತ್ತೆ. ಸಮಯ ಮುಗಿಯೋಕೆ ಮೊದಲು ಎಚ್ಚರಿಸಿ, ಮುಂದುವರಿಸಾಕೆ ಕಮ್ಮಿ ಅಂದರೂ 20 ಸೆಕೆಂಡ್ ಬಿಡಿ.

ಸೋನಾಮಸೂರಿ_ಲೆಕ್ಕ
ದರಪಟ್ಟಿ ಬಗ್ಗೆ ಎರಡು ಮಾತು. ವಾಟ್ಸಾಪಿಗೆ ಮಾಡಿದ ಪೋಸ್ಟರನ್ನೇ ಪುಟದಾಗ ತಂದು ಹಾಕೋದು ಬಿಡ್ರಿ. ನಿಜವಾದ ಕೋಷ್ಟಕ ಮಾಡ್ರಿ: ಕ್ಯಾಪ್ಷನ್ನಿನಾಗ "ಕ್ವಿಂಟಲ್ ದರ, ರೂಪಾಯಿಗಳಲ್ಲಿ" ಅಂತ ದಿನಾಂಕ ಸಮೇತ, ಮೇಲಿನ ಸಾಲಿಗೆ ಟಿಎಚ್ ಮತ್ತ ಸ್ಕೋಪ್ ಕಾಲ್, ಎಡಗಡೆ ತಳಿ ಹೆಸರಿಗೆ ಟಿಎಚ್ ಮತ್ತ ಸ್ಕೋಪ್ ರೋ. ಹಿಂಗ ಮಾಡಿದ್ರ ಎನ್‌ವಿಡಿಎಯಾಗ ಕಂಟ್ರೋಲ್, ಆಲ್ಟ್ ಹಿಡಿದು ಬಾಣದ ಕೀಲಿ ಒತ್ತಿದಾಗ ಬರೇ ಅಂಕಿ ಅಲ್ಲ, "ಸೋನಾ ಮಸೂರಿ, ಕನಿಷ್ಠ" ಅಂತ ಹೆಸರು ಹಿಡಿದು ದರ ಹೇಳ್ತದ. ಖಾನೆ ಕೂಡಿಸಿದ್ರ ಈ ಲೆಕ್ಕ ಕೆಡ್ತದ. ವ್ಯಾಪಾರ ಆಗದ ದಿನ ಗೀಟು ಹಾಕಬ್ಯಾಡ್ರಿ, "ವಹಿವಾಟು ಇಲ್ಲ" ಅಂತ ಬರೀರಿ. ಏರಿದ್ರ ಹಸಿರು, ಇಳಿದ್ರ ಕೆಂಪು ಅಂತ ಬರೇ ಬಣ್ಣದಾಗ ತೋರಿಸಿದ್ರ ಕೆಂಪು-ಹಸಿರು ಬೇರೆ ಕಾಣದವರಿಗೆ ಎರಡೂ ಒಂದೇ. "ಏರಿಕೆ", "ಇಳಿಕೆ" ಪದ ಇರ್ಲಿ.

ವಾಟ್ಸಾಪ್ ಗುಂಪಿಗೂ ಅಷ್ಟೇ. ಪೋಸ್ಟರ್ ಕಳಿಸ್ರಿ, ಕೆಳಗ ಅದೇ ದರ ಅಕ್ಷರದಾಗೂ ಬರೀರಿ.

ಸನ್ನೆ_ಮಾತು
ವಿಡಿಯೋ ಬಗ್ಗೆ ಯಾರೂ ಮಾತಾಡಿಲ್ಲ. ಕ್ಯಾಪ್ಷನ್ ಕಡತ ವಿಟಿಟಿ ಮಾದರಿಯಲ್ಲಿ ಇರಲಿ: ಮೊದಲ ಸಾಲಿನಲ್ಲಿ ವೆಬ್‌ವಿಟಿಟಿ ಎಂಬ ಪದ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಒಂದು ಖಾಲಿ ಸಾಲು, ಆಮೇಲೆ ಸಮಯ, ಕೆಳಗೆ ಮಾತು. ಸಮಯ ಹೀಗೆ: 00:00:03.000 --> 00:00:06.500. ಎಸ್‌ಆರ್‌ಟಿ ಎಂಬ ಇನ್ನೊಂದು ಕ್ಯಾಪ್ಷನ್ ಮಾದರಿಯಿಂದ ಬದಲಾಯಿಸುವಾಗ ಅಲ್ಲಿ ಸೆಕೆಂಡಿನ ನಂತರ ಅಲ್ಪವಿರಾಮ ಇರುತ್ತದೆ, ಇಲ್ಲಿ ಚುಕ್ಕೆ ಬೇಕು. ಕಡತವನ್ನು ಯುಟಿಎಫ್-8ರಲ್ಲೇ ಉಳಿಸಿ. ಎಎನ್‌ಎಸ್‌ಐ ಎಂದು ಉಳಿಸಿದರೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಒಮ್ಮೆಗೆ ಎರಡು ಸಾಲು ಮೀರಬೇಡಿ, ಪದವನ್ನು ಸಾಲಿನ ಕೊನೆಯಲ್ಲಿ ಮುರಿಯಬೇಡಿ. ಮಾತಲ್ಲದ ಸದ್ದು ಮುಖ್ಯವಿದ್ದರೆ ಅದನ್ನೂ ಬರೆಯಿರಿ: "ಪಂಪ್ ಸೆಟ್ ಶುರುವಾದ ಸದ್ದು".

ಮಾತನಾಡುವವರು "ಬೀಜ ಬಿತ್ತಾಕತ್ತೀವಿ" ಎಂದರೆ ಕ್ಯಾಪ್ಷನ್ನಿನಲ್ಲಿ "ಬಿತ್ತುತ್ತಿದ್ದೇವೆ" ಎಂದು ತಿದ್ದಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಸ್ವಲ್ಪ ಕಿವಿ ಕೇಳುವವರು ತುಟಿಯನ್ನೂ ಕ್ಯಾಪ್ಷನ್ನನ್ನೂ ಒಟ್ಟಿಗೆ ನೋಡುತ್ತಾರೆ, ಎರಡೂ ಹೊಂದದಿದ್ದರೆ ಎರಡೂ ಹಾಳು.

ಕ್ಯಾಪ್ಷನ್ ಹಾಕಿದರೆ ಕಿವುಡರ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಹುಟ್ಟಿನಿಂದ ಸನ್ನೆ ಭಾಷೆಯಲ್ಲೇ ಬೆಳೆದವರಿಗೆ ಬರೆದ ಕನ್ನಡ ಎರಡನೇ ಭಾಷೆ. ಸಾಲದ ಷರತ್ತಿನಂಥ ವಿಡಿಯೋಗಾದರೂ ಭಾರತೀಯ ಸನ್ನೆ ಭಾಷೆಯ ಕಿಟಕಿ ಸೇರಿಸಿ. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂಥ ಅನುವಾದಕರಿಗೆ ತರಬೇತಿ ಕೊಡುತ್ತದೆ. ಕಿಟಕಿಯಲ್ಲಿ ತಲೆಯಿಂದ ಸೊಂಟದವರೆಗೆ ಕಾಣಬೇಕು, ಮೊಳಕೈ ಕತ್ತರಿಸಬಾರದು, ಅಂಗಿ ಒಂದೇ ಬಣ್ಣದ್ದಿರಬೇಕು, ಕ್ಯಾಪ್ಷನ್ ಕಿಟಕಿಯ ಮೇಲೆ ಹತ್ತಬಾರದು. ಇನ್ನು ಕಣ್ಣು ಕಾಣದವರಿಗೆ: ವಿಡಿಯೋದಲ್ಲಿ "ಹೀಗೆ ಮಡಚಿ, ಇಲ್ಲಿ ಸಹಿ ಮಾಡಿ" ಎಂದು ಬೆರಳು ತೋರಿಸಿದರೆ ಏನು ತಿಳಿಯುತ್ತದೆ? "ಎರಡನೇ ಪುಟದ ಕೆಳಗೆ ಬಲಗಡೆ ಸಹಿ" ಎಂದು ಬಾಯಲ್ಲೇ ಹೇಳಿಸಿ.

ಸಿಂಧನೂರು_ಭತ್ತ
ಏಜೆನ್ಸಿಯವರು ಈಗ ಹೊಸಾದೊಂದು ಹೇಳಾಕತ್ತಾರ. ಒಂದು ಸಾಲು ಸ್ಕ್ರಿಪ್ಟ್ ಹಾಕಿದ್ರ ಮೂಲೆಯಾಗ ಗಾಲಿಕುರ್ಚಿ ಗುರುತು ಬರ್ತದಂತ, ಕೃತಕ ಬುದ್ಧಿಮತ್ತೆಯಿಂದ ಪೂರಾ ಜಾಲತಾಣ ತಾನೇ ಸರಿ ಆಗ್ತದಂತ. ವರ್ಷಕ್ಕಿಷ್ಟು ಅಂತ ಬಾಡಿಗೆ.

ಹಗರಿ_ದಂಡೆ
ಆ ರೊಕ್ಕ ಉಳಿಸಿ ಒಸಿಆರ್ ತಿದ್ದೋ ಹುಡುಗರಿಗೆ ಕೊಡಿ. ನುಡಿ ಫಾಂಟಿನ ಪಠ್ಯ, ಸ್ಕ್ಯಾನ್ ಪಿಡಿಎಫ್, ಲೇಬಲ್ ಇಲ್ಲದ ಫಾರಂ, ಯಾವುದನ್ನೂ ಆ ಸ್ಕ್ರಿಪ್ಟ್ ನೆಟ್ಟಗೆ ಮಾಡಲ್ಲ. ಕೆಲವು ಸಲ ಸ್ಕ್ರೀನ್ ರೀಡರಿನ ಕೀಲಿಗಳಿಗೇ ಅಡ್ಡ ಬರುತ್ತೆ. ಇಂಥದ್ದೇ ಮಾತು ಕೊಟ್ಟು ಮಾರ್ತಿದ್ದ ಒಂದು ಕಂಪನಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿತು.

ಕಾನೂನು ಕೇಳಿದರೆ ಹೇಳಾಕೆ ಇರಲಿ: ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರದು, ಜಾರಿಗೆ ಬಂದದ್ದು 2017ರ ಏಪ್ರಿಲ್ 19. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ವಿಷಯ ಕಲಂ 42ರಲ್ಲಿದೆ. ಕಲಂ 46 ಸರ್ಕಾರಿ, ಖಾಸಗಿ ಅಂತ ಭೇದ ಇಲ್ಲದೆ ಸೇವೆ ಕೊಡೋರೆಲ್ಲರಿಗೂ. ಕಲಂ 89ರಲ್ಲಿ ಮೊದಲ ಸಲದ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಮುಂದಿನದಕ್ಕೆ 50,000ದಿಂದ 5 ಲಕ್ಷದವರೆಗೆ ದಂಡ. ತಾಂತ್ರಿಕ ಮಾನದಂಡ ಐಎಸ್ 17802, ಸರ್ಕಾರಿ ತಾಣಗಳಿಗೆ ಜಿಐಜಿಡಬ್ಲ್ಯು 3.0 ಅನ್ನೋ ಮಾರ್ಗಸೂಚಿ. ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಡಿಜಿಟಲ್ ಸೇವೆ ಸಿಗೋದು ಸಂವಿಧಾನದ 21ನೇ ವಿಧಿಯ ಭಾಗ ಅಂತ ಹೇಳಿದೆ. ಆ್ಯಸಿಡ್ ದಾಳಿಗೆ ಒಳಗಾದವರು ಕೆವೈಸಿಗೆ ಕಣ್ಣು ಮಿಟುಕಿಸಾಕೆ ಆಗದೆ ಬ್ಯಾಂಕಿನಿಂದ ಹೊರಗುಳಿದ ಪ್ರಕರಣ ಅದು. ನಿಮ್ಮ ಸಂಘ ಮುಂದೆ ಮುಖ ತೋರಿಸೋ ಕೆವೈಸಿ ತರೋದಾದರೆ ಅದನ್ನ ಓದಿಕೊಂಡೇ ತನ್ನಿ.

ಗವಿಮಠದ_ಮೆಟ್ಟಿಲು
ಪರೀಕ್ಷೆ ಮಾಡೋ ಬಗೆ ಹೇಳಿಬಿಡ್ತೀನಿ. ಮೊದಲು ಆ್ಯಕ್ಸ್ ಇಲ್ಲಾ ವೇವ್ ಅನ್ನೋ ತಾನಾಗೇ ತಪ್ಪು ಹುಡುಕೋ ಸಾಧನ ಹಾಕಿ ಓಡಿಸ್ರಿ, ಕಸ ಹೋಗಲಿ. ಅವು ಚಿತ್ರಕ್ಕ ಆಲ್ಟ್ (ಚಿತ್ರದ ಬದಲು ಓದಿ ಹೇಳೋ ಸಾಲು) ಐತೋ ಇಲ್ಲೋ ಹೇಳ್ತಾವು, ಆಲ್ಟಿನ್ಯಾಗ ಬರೆದದ್ದು ಸರಿ ಐತೋ ಇಲ್ಲೋ ಹೇಳೂದಿಲ್ಲ. "ಐಎಂಜಿ 2034" ಅಂತ ಇದ್ರೂ ಪಾಸ್ ಅಂತ ಬಿಡಬಹುದು. ಗೋದಾಮಿನ ಫೋಟೋಕ್ಕ "ಸಂಘದ ಗೋದಾಮು, ಬಾಗಿಲಿಗೆ ಇಳಿಜಾರು ದಾರಿ ಇದೆ" ಅಂತ ಬರೀರಿ. ಬರೇ ಅಲಂಕಾರದ ಚಿತ್ರಕ್ಕ ಆಲ್ಟ್ ಇರ್ಲಿ, ಒಳಗ ಖಾಲಿ ಬಿಡ್ರಿ.

ಆಮ್ಯಾಲ ಎನ್‌ವಿಡಿಎ. ಎಚ್ ಒತ್ತಿದ್ರ ತಲೆಬರಹ, ಎಫ್ ಒತ್ತಿದ್ರ ಫಾರಂ ಖಾನೆ, ಟಿ ಒತ್ತಿದ್ರ ಕೋಷ್ಟಕ, ಜಿ ಒತ್ತಿದ್ರ ಚಿತ್ರ. ಕಿವಿಗೆ ರೂಢಿ ಇಲ್ಲದವರು ಎನ್‌ವಿಡಿಎ ಮೆನುವಿನ ಟೂಲ್ಸ್ ಒಳಗ ಸ್ಪೀಚ್ ವ್ಯೂವರ್ ತೆರೀರಿ, ಅದು ಆಡಿದ್ದೆಲ್ಲ ಅಕ್ಷರದಾಗ ಬರತೈತಿ. ಫೋನಿನ್ಯಾಗ ದನಿ ಹೆಚ್ಚು-ಕಮ್ಮಿ ಮಾಡೋ ಎರಡೂ ಗುಂಡಿ 3 ಸೆಕೆಂಡ್ ಒತ್ತಿ ಹಿಡಿದ್ರ ಆಂಡ್ರಾಯ್ಡಿನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಶುರು. ಮೊದಲ ಸಲ ಆದ್ರ ಸೆಟ್ಟಿಂಗ್ಸಿನ್ಯಾಗ ಈ ಶಾರ್ಟ್‌ಕಟ್ ಚಾಲೂ ಮಾಡಿಟ್ಟಿರಬೇಕು. ಬಲಕ್ಕ ಸವರಿದ್ರ ಮುಂದಿನದು, ಎರಡು ಸಲ ತಟ್ಟಿದ್ರ ಒತ್ತಿದಂಗ. ಕನ್ನಡ ಧ್ವನಿ ಗೂಗಲ್‌ನ ಪಠ್ಯ-ಮಾತು ಸೆಟ್ಟಿಂಗ್ಸಿನ್ಯಾಗ ಇಳಿಸಿಕೋಬೇಕು. ನಿಮ್ಮ ಸದಸ್ಯರು ಬಹುತೇಕ ಫೋನಿನ್ಯಾಗೇ ನೋಡ್ತಾರ, ಅದಕ್ಕ ಇದನ್ನ ಬಿಡಬ್ಯಾಡ್ರಿ. ಕಡೀಕ ದಿನಾ ಸ್ಕ್ರೀನ್ ರೀಡರ್ ಬಳಸೋ ಸದಸ್ಯರೊಬ್ಬರನ್ನ ಕೂಡಿಸಿ, ಕೂಲಿ ಕೊಟ್ಟು, "ಸಾಲದ ಅರ್ಜಿ ಹಾಕ್ರಿ" ಅಂತ ಅಷ್ಟ ಹೇಳಿ ಸುಮ್ಮನ ಕುಂದರ್ರಿ. ನಡುವ ಹಿಂಗ ಒತ್ರಿ, ಹಂಗ ಒತ್ರಿ ಅನ್ನಬ್ಯಾಡ್ರಿ.

ಸಿಂಧನೂರು_ಭತ್ತ
ಒಂದು ಕಡೀ ಪ್ರಶ್ನೆ. ಯೂನಿಕೋಡ್ ಮಾಡಿದ ಪುಟದಾಗೂ ಎನ್‌ವಿಡಿಎ ಕೆಲವು ಪದದ ನಡುವ ಮುಗ್ಗರಿಸ್ತದ. "ಸಿಂಧನೂರು" ಅನ್ನೋದನ್ನ ಒಡೆದು ಓದ್ತದ, ತಾಣದ ಹುಡುಕು ಖಾನೆಯಾಗೂ ಸಿಗವಲ್ದು. ಅಕ್ಷರ ನೋಡಿದ್ರ ಸರಿ ಅದ.

ಮುದ್ರಣಶಾಲೆ_ರಾಯಚೂರು
ಸರಿ ಇಲ್ಲ, ಸರಿ ಕಾಣ್ತದ. "ಸಿ೦ಧನೂರು", "ಸಿಂಧನೂರು" ಎರಡನ್ನೂ ಬಾಜೂಕ ಇಟ್ಟು ನೋಡ್ರಿ. ಮೊದಲನೇದರಾಗ ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆ ಕೂತದ. ಅನುಸ್ವಾರ ಯೂನಿಕೋಡಿನಾಗ 0ಸಿ82, ಸೊನ್ನೆ 0ಸಿಇ6. ಎರಡೂ ಗುಂಡಗ, ಕಣ್ಣಿಗೆ ಒಂದೇ, ಯಂತ್ರಕ್ಕ ಒಂದು ಅಕ್ಷರ, ಇನ್ನೊಂದು ಅಂಕಿ. ಟೈಪ್ ಮಾಡೋರು ಸೊನ್ನೆ ಅಂತಾನೇ ಕಲಿತಿರ್ತಾರ, ಅದಕ್ಕ ಸೊನ್ನೆ ಕೀಲಿನೇ ಒತ್ತುತಾರ.

ಡೇಟಾಬೇಸಿನಾಗ ಹುಡುಕಿ ಬದಲಾಯಿಸ್ರಿ, ಆದ್ರ ಎಲ್ಲಾ ಸೊನ್ನೆ ಒಮ್ಮೆಲೆ ಬದಲಾಯಿಸಿದ್ರ ೧೦೦ ರೂಪಾಯಿ ಕೆಡ್ತದ. ಹಿಂದ ಕನ್ನಡ ಅಕ್ಷರ ಇಲ್ಲಾ ಸ್ವರಚಿಹ್ನೆ ಇದ್ದು, ಹಿಂದೂ ಮುಂದೂ ಅಂಕಿ ಇಲ್ಲದ ಸೊನ್ನೆ ಮಾತ್ರ ಹಿಡಿಯೋ ಹಂಗ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೀರಿ. ಬದಲಾಯಿಸೋ ಮೊದಲು ಪಟ್ಟಿ ತೆಗೆದು ಒಂದು ಸಲ ಕಣ್ಣಾಡಿಸ್ರಿ.

ಸಿಂಧನೂರು_ಭತ್ತ
ಪಟ್ಟಿ ತೆಗೆದೆ. ಮೊದಲನೇ ಸಾಲೇ ಸ೦ಘ. ನಮ್ಮ ಹೆಸರಿನಾಗೇ ಎರಡು ಸಿಕ್ವು.